ಜಾಲತಾಣದ ಬೀಗದ ಕೈ ಮಾಲೀಕರ ಬಳಿಯೇ ಇರಲಿ

ನಮ್ಮ ನಗರದ ವ್ಯಾಪಾರೋದ್ಯಮಗಳಿಗೆ ಇಂದು ಎರಡೆರಡು ಬಾಗಿಲುಗಳಿವೆ. ಒಂದು, ಉದ್ಯಮಬಾಗದ, ಮಚ್ಛೆಯ ಅಥವಾ ರವಿವಾರ ಪೇಟೆಯ ರಸ್ತೆಗೆ ತೆರೆದುಕೊಳ್ಳುವ ಬಾಗಿಲು. ಮತ್ತೊಂದು, ಜಾಲತಾಣದ ಮೂಲಕ ಹೊರಲೋಕಕ್ಕೆ ತೆರೆದುಕೊಳ್ಳುವ ಬಾಗಿಲು. ಮೊದಲನೆಯದರ ಬೀಗದ ಕೈ ಯಾರಲ್ಲಿದೆ ಎಂದು ಕೇಳಿದರೆ ಯಾವ ಮಾಲೀಕರೂ ಉತ್ತರಕ್ಕೆ ತಡಕಾಡುವುದಿಲ್ಲ. ಎರಡನೆಯದರ ಬಗ್ಗೆ ಕೇಳಿದಾಗ ಮಾತ್ರ ಹಲವರ ಉತ್ತರ, ‘ವೆಬ್‌ಸೈಟ್ ಮಾಡಿಕೊಟ್ಟ ಹುಡುಗನನ್ನೇ ಕೇಳಬೇಕು’ ಎಂಬುದಾಗಿರುತ್ತದೆ. ಆ ಹುಡುಗ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋಗಿ ಎಷ್ಟೋ ದಿನಗಳಾಗಿರುತ್ತವೆ.

ಇಂಥ ಸ್ಥಿತಿಯಲ್ಲಿ ಒಂದು ದಿನ ಗ್ರಾಹಕರು ಜಾಲತಾಣವನ್ನು ತೆರೆಯಲು ಹೋದಾಗ, ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಪರದೆಯ ತುಂಬ ಕಾಣಿಸಿಕೊಳ್ಳುತ್ತದೆ. ಎರಕದ ಭಾಗಗಳಿಗೆ ದರಪಟ್ಟಿ ಕೇಳಬೇಕೆಂದು ಬಂದ ಪರವೂರಿನ ಖರೀದಿದಾರರು ಅಲ್ಲಿಂದಲೇ ಹಿಂದಿರುಗುತ್ತಾರೆ. ಅವರು ಹಿಂದಿರುಗಿದ್ದು ನಮಗೆ ತಿಳಿಯುವುದೂ ಇಲ್ಲ. ಅಂಗಡಿಯ ಮುಂದೆ ನಿಂತು ವಾಪಸು ಹೋದ ಗಿರಾಕಿಯಾದರೆ ಕಣ್ಣಿಗೆ ಬೀಳುತ್ತಾನೆ. ಬರದೇ ಹೋದ ವಿಚಾರಣೆ ಯಾವ ಖಾತೆಯಲ್ಲಿಯೂ ನಮೂದಾಗುವುದಿಲ್ಲ. ಆದುದರಿಂದಲೇ ಈ ನಷ್ಟವನ್ನು ನಾವು ನಷ್ಟವೆಂದು ಎಣಿಸುತ್ತಿಲ್ಲ.

ಸುರಕ್ಷಿತ ಸಂಪರ್ಕದ ಏರ್ಪಾಡು ಕೇವಲ ತಂತ್ರಜ್ಞರ ವಿಷಯವಲ್ಲ, ಅದು ಮಾಲೀಕರ ಹೊಣೆಗಾರಿಕೆಗೆ ಸೇರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಏರ್ಪಾಡು ಕೆಟ್ಟಾಗ ದೋಷವು ಬಹುಪಾಲು ಚಿಕ್ಕದಾಗಿರುತ್ತದೆ. ಕ್ರಮವಾಗಿ ಹುಡುಕಿದರೆ ಅಲ್ಪಕಾಲದಲ್ಲಿ ಸಿಗುವಂಥದ್ದಾಗಿರುತ್ತದೆ. ದಿನಗಟ್ಟಲೆ ವಿಳಂಬವಾಗುವುದು ದೋಷ ದೊಡ್ಡದೆಂಬ ಕಾರಣಕ್ಕಲ್ಲ, ಕೀಲಿ ಯಾರಲ್ಲಿದೆ ಎಂಬುದು ಗೊತ್ತಿಲ್ಲದ ಕಾರಣಕ್ಕೆ.

ಕಾಟಾದ ಮುದ್ರೆಯೂ ಸರ್ವರಿನ ಪ್ರಮಾಣಪತ್ರವೂ

ವಿಷಯವನ್ನು ನಮ್ಮ ವ್ಯವಹಾರದ ಭಾಷೆಯಲ್ಲಿಯೇ ಅರಿತುಕೊಳ್ಳುವುದು ಲೇಸು. ಪೇಟೆಯಲ್ಲಿ ಎಲೆಕ್ಟ್ರಾನಿಕ್ ಕಾಟಾ ಇಟ್ಟುಕೊಂಡವರೆಲ್ಲರೂ ವರ್ಷಕ್ಕೊಮ್ಮೆ ಕಾನೂನು ಮಾಪನ ಶಾಸ್ತ್ರ ಇಲಾಖೆಯಿಂದ ಅದನ್ನು ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಮುದ್ರೆಯ ಅವಧಿ ಮುಗಿದ ಮರುದಿನ ಕಾಟಾ ತೂಗುವುದನ್ನು ನಿಲ್ಲಿಸುವುದಿಲ್ಲ. ಆದರೆ ಅದರ ತೂಕವನ್ನು ನಂಬಬೇಕೆಂದು ಗಿರಾಕಿಗೆ ಹೇಳುವ ಅಧಿಕಾರ ವರ್ತಕನಿಗೆ ಉಳಿಯುವುದಿಲ್ಲ. ವೆಬ್ ಸರ್ವರಿನ ಪ್ರಮಾಣಪತ್ರವೂ ಇಂಥದೇ ಮುದ್ರೆ. ಈ ಸರ್ವರು ನಿಜವಾಗಿಯೂ ಇಂಥ ಹೆಸರಿನ ಜಾಲತಾಣದ್ದೇ ಎಂದು ಮೂರನೆಯ ಸಂಸ್ಥೆಯೊಂದು ನಿಗದಿತ ಅವಧಿಗೆ ನೀಡುವ ದೃಢೀಕರಣ ಅದು.

ಈ ಪ್ರಮಾಣಪತ್ರದೊಂದಿಗೆ ಒಂದು ಜೋಡಿ ಕೀಲಿಗಳಿರುತ್ತವೆ. ಸಾರ್ವಜನಿಕ ಕೀಲಿಯು ಪ್ರಮಾಣಪತ್ರದೊಳಗೇ ಇದ್ದು ಎಲ್ಲರಿಗೂ ಕಾಣುತ್ತದೆ. ಖಾಸಗಿ ಕೀಲಿಯು ಸರ್ವರಿನಲ್ಲಿ ಮಾತ್ರ ಗುಪ್ತವಾಗಿರಬೇಕು. ಗ್ರಾಹಕರ ಬ್ರೌಸರು ಸರ್ವರನ್ನು ಸಂಪರ್ಕಿಸಿದೊಡನೆ ಪ್ರಮಾಣಪತ್ರವನ್ನು ಕೇಳಿ ಪಡೆದು ಹೆಸರು, ಅವಧಿ, ನೀಡಿದ ಸಂಸ್ಥೆ ಈ ಮೂರನ್ನೂ ಪರೀಕ್ಷಿಸುತ್ತದೆ. ಖಾಸಗಿ ಕೀಲಿ ಆ ಸರ್ವರಿನಲ್ಲಿಯೇ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳುತ್ತದೆ. ಅನಂತರ ಇಬ್ಬರಿಗೆ ಮಾತ್ರ ತಿಳಿಯುವಂತೆ ಗೂಢಲಿಪಿಯಲ್ಲಿ ಮಾತುಕತೆ ಆರಂಭವಾಗುತ್ತದೆ. ನೆಟ್‌ಸ್ಕೇಪ್ ಕಂಪನಿಯು 1994-95ರಲ್ಲಿ ರೂಪಿಸಿದ ಎಸ್‌ಎಸ್‌ಎಲ್ ಎಂಬ ಪದ್ಧತಿಯೇ ಇದರ ಮೂಲ. 1999ರಿಂದ ಅದು ಟಿಎಲ್‌ಎಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. 2008ರಲ್ಲಿ ಅದರ 1.2ನೆಯ ಆವೃತ್ತಿಯೂ 2018ರಲ್ಲಿ 1.3ನೆಯ ಆವೃತ್ತಿಯೂ ಬಂದವು. ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ವಿಧ್ಯುಕ್ತವಾಗಿ ಕೈಬಿಡಲಾಯಿತು.

ಅಂಕಿತ ಹಾಕುವ ಸಂಸ್ಥೆಯ ಮೇಲಿನ ನಂಬಿಕೆಯೇ ಈ ಇಡೀ ವ್ಯವಸ್ಥೆಯ ತಳಹದಿ. ಅದು ಕುಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 2014ರ ಜುಲೈ ತಿಂಗಳಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್ ಮತ್ತು ಯಾಹೂ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಬೆಳಕಿಗೆ ಬಂದಿತು. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಆ ಕೇಂದ್ರಕ್ಕೆ ನೀಡಿದ್ದ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಗೊಳಿಸಬೇಕಾಯಿತು. ಗೂಗಲ್ ಸಂಸ್ಥೆಯು ತನ್ನ ಬ್ರೌಸರಿನಲ್ಲಿ ಭಾರತದ ಮೂಲ ಪ್ರಮಾಣಪತ್ರದ ಮಾನ್ಯತೆಯನ್ನು ಕೆಲವೇ ವಿಳಾಸಗಳಿಗೆ ಸೀಮಿತಗೊಳಿಸಿತು. ಅದಕ್ಕೂ ಮುನ್ನ, 2011ರಲ್ಲಿ, ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಸಂಸ್ಥೆ ಇಂಥದೇ ಅತಿಕ್ರಮಣಕ್ಕೆ ಒಳಗಾಗಿ ದಿವಾಳಿಯೇ ಆಯಿತು. ಹುಂಡಿ ವ್ಯವಹಾರವನ್ನು ಬಲ್ಲ ನಮ್ಮ ಹಿರಿಯ ವರ್ತಕರಿಗೆ ಇದು ಹೊಸ ಪಾಠವಲ್ಲ. ಸಹಿಯ ಮೇಲಿನ ವಿಶ್ವಾಸ ಹೋದ ಮೇಲೆ ಕಾಗದಕ್ಕೆ ಬೆಲೆ ಉಳಿಯುವುದಿಲ್ಲ.

ಈಗಲೇ ಏಕೆ ಗಮನ ಕೊಡಬೇಕು

‘ನಮ್ಮ ಜಾಲತಾಣದಲ್ಲಿ ಹಣದ ವ್ಯವಹಾರವೇ ಇಲ್ಲ, ನಾಲ್ಕು ಚಿತ್ರ, ಒಂದು ವಿಳಾಸ, ಅಷ್ಟೆ. ಅದಕ್ಕೇಕೆ ಇಷ್ಟೆಲ್ಲ?’ ಎಂಬ ಆಕ್ಷೇಪ ಸಹಜವಾದದ್ದು. ಹಿಂದೊಮ್ಮೆ ಅದರಲ್ಲಿ ಸತ್ಯಾಂಶವೂ ಇತ್ತು. ಆದರೆ 2018ರ ಜುಲೈನಿಂದ ಕ್ರೋಮ್ ಬ್ರೌಸರು ಸುರಕ್ಷಿತ ಸಂಪರ್ಕವಿಲ್ಲದ ಎಲ್ಲ ಜಾಲತಾಣಗಳಿಗೂ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚತೊಡಗಿತು. ಹಣ ಪಡೆಯುವ ತಾಣ, ಹಣ ಪಡೆಯದ ತಾಣ ಎಂಬ ಭೇದ ಅಂದಿಗೆ ಅಳಿಯಿತು. ಅಲ್ಲದೆ, ವಿಚಾರಣೆಯ ನಮೂನೆಯಲ್ಲಿ ಗ್ರಾಹಕರು ತುಂಬುವ ಹೆಸರು, ದೂರವಾಣಿ ಸಂಖ್ಯೆ, ಕಳುಹಿಸುವ ನಕಾಶೆ ಇವೆಲ್ಲವೂ ಅವರು ನಮ್ಮ ವಶಕ್ಕೆ ಒಪ್ಪಿಸಿದ ಸೊತ್ತುಗಳೇ.

ಕಾನೂನಿನ ಅಂಶವೂ ಗಮನಾರ್ಹ. 2023ರ ಆಗಸ್ಟ್ 11ರಂದು ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಸಮಂಜಸ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳಿಗೆ ಪ್ರಕಟಣೆಯಿಂದ 18 ತಿಂಗಳ ಕಾಲಾವಕಾಶ ನೀಡಲಾಯಿತು. ಗೂಢಲಿಪೀಕರಣವನ್ನು ಭದ್ರತಾ ಕ್ರಮಗಳಲ್ಲಿ ಒಂದೆಂದು ನಿಯಮಗಳೇ ಹೆಸರಿಸಿವೆ. ಚಿಕ್ಕ ಉದ್ಯಮಕ್ಕೆ ಗರಿಷ್ಠ ದಂಡ ಬೀಳುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ‘ನಮಗೆ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿಗೆ ಇನ್ನು ಮುಂದೆ ಎಡೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಅವಧಿಯದು. ಪ್ರಮಾಣಪತ್ರದ ಆಯುಷ್ಯವನ್ನು 2020ರ ಸೆಪ್ಟೆಂಬರ್‌ನಲ್ಲಿ 398 ದಿನಗಳಿಗೆ ಇಳಿಸಲಾಗಿತ್ತು. ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿದ ವೇದಿಕೆಯು 2025ರ ಏಪ್ರಿಲ್‌ನಲ್ಲಿ ಇದನ್ನು ಹಂತಹಂತವಾಗಿ ಮತ್ತಷ್ಟು ತಗ್ಗಿಸಲು ತೀರ್ಮಾನಿಸಿತು. ಅದರಂತೆ 2026ರ ಮಾರ್ಚ್ 15ರಿಂದ ನೀಡುವವಕ್ಕೆ ಗರಿಷ್ಠ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ ಮಾತ್ರ. ಅಂದರೆ ವರ್ಷಕ್ಕೊಮ್ಮೆ ಮಾಡುತ್ತಿದ್ದ ನವೀಕರಣವನ್ನು ಕೊನೆಗೆ ವರ್ಷಕ್ಕೆ ಎಂಟು ಬಾರಿ ಮಾಡಬೇಕಾಗುತ್ತದೆ. ನೆನಪಿನ ಮೇಲೆ, ಫೋನ್ ಕರೆಯ ಮೇಲೆ ನಡೆಯುವ ಕೆಲಸವಾಗಿ ಇದು ಇನ್ನು ಉಳಿಯಲಾರದು. ಉಚಿತವಾಗಿ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಸೇವೆ ಆರಂಭಿಸಿದಾಗಿನಿಂದಲೂ 90 ದಿನಗಳ ಅವಧಿಯನ್ನೇ ಇಟ್ಟುಕೊಂಡು ಸ್ವಯಂಚಾಲಿತ ನವೀಕರಣಕ್ಕೆ ಒತ್ತು ಕೊಟ್ಟಿತು. ಆ ಸಂಸ್ಥೆ ಅವಧಿ ಮುಗಿಯುವ ಮುನ್ನ ಕಳುಹಿಸುತ್ತಿದ್ದ ಜ್ಞಾಪನಾ ಇ-ಮೇಲ್‌ಗಳನ್ನು 2025ರ ಜೂನ್ 4ರಿಂದ ನಿಲ್ಲಿಸಿದೆ. ಜ್ಞಾಪನೆ ಬರುತ್ತದೆಂದು ನಂಬಿ ಕುಳಿತವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ತಾಳೆಪಟ್ಟಿ ತಾಳೆಯಾಗದಾಗ ಹುಡುಕುವಂತೆ

ತಾಳೆಪಟ್ಟಿ ತಾಳೆಯಾಗದಿದ್ದರೆ ಅನುಭವಿ ಗುಮಾಸ್ತನು ಎಲ್ಲ ಲೆಕ್ಕವನ್ನೂ ಮತ್ತೆ ಬರೆಯಲು ತೊಡಗುವುದಿಲ್ಲ. ಮೊದಲು ಕೂಡುವಿಕೆ, ಆಮೇಲೆ ಖತಾವಣಿ, ಆಮೇಲೆ ಕಿರ್ದಿ ಎಂದು ಕ್ರಮವಾಗಿ ಹಿಂದಕ್ಕೆ ಹೋಗುತ್ತಾನೆ. ಸುರಕ್ಷಿತ ಸಂಪರ್ಕದ ದೋಷವನ್ನೂ ಹೀಗೆಯೇ ಹೊರಗಿನಿಂದ ಒಳಕ್ಕೆ ಹುಡುಕಬೇಕು. ಮಾಲೀಕರು ತಾವೇ ಸರಿಪಡಿಸಬೇಕೆಂದಿಲ್ಲ. ಆದರೆ ಯಾವ ಪ್ರಶ್ನೆಯನ್ನು ಯಾವ ಕ್ರಮದಲ್ಲಿ ಕೇಳಬೇಕೆಂದು ತಿಳಿದಿದ್ದರೆ ತಂತ್ರಜ್ಞರ ಉತ್ತರ ಸರಿಯೋ ಜಾರಿಕೆಯೋ ಎಂಬುದು ಗೊತ್ತಾಗುತ್ತದೆ.

ಮೊದಲನೆಯ ಪ್ರಶ್ನೆ: ಬಾಗಿಲು ತೆರೆದಿದೆಯೇ? ಸಾಮಾನ್ಯ ಸಂಪರ್ಕವು 80ನೆಯ ಪೋರ್ಟಿನಲ್ಲಿಯೂ ಸುರಕ್ಷಿತ ಸಂಪರ್ಕವು 443ನೆಯ ಪೋರ್ಟಿನಲ್ಲಿಯೂ ನಡೆಯುತ್ತದೆ. ಫೈರ್‌ವಾಲ್ 443ನ್ನು ಮುಚ್ಚಿದ್ದರೆ ಬ್ರೌಸರು ಬಹಳ ಹೊತ್ತು ಕಾದು ಕೈಚೆಲ್ಲುತ್ತದೆ. ಪೋರ್ಟು ತೆರೆದಿದ್ದರೂ ಅಲ್ಲಿ ಸರ್ವರು ಗೂಢಲಿಪಿಯ ಬದಲು ಬಿಡಿ ಭಾಷೆಯಲ್ಲಿ ಮಾತನಾಡಿದರೆ ಬೇರೊಂದು ಬಗೆಯ ದೋಷ ಕಾಣುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಪ್ರಮಾಣಪತ್ರದ ತಪ್ಪೇನೂ ಇರುವುದಿಲ್ಲ; ಹೊಸದನ್ನು ಕೊಂಡರೆ ಹಣ ಹೋಗುತ್ತದೆ, ದೋಷ ಉಳಿಯುತ್ತದೆ.

ಎರಡನೆಯದು: ಸರಿಯಾದ ಮನೆಗೇ ಬಂದಿದ್ದೇವೆಯೇ? ಹೋಸ್ಟಿಂಗ್ ಕಂಪನಿಯನ್ನು ಬದಲಿಸಿದಾಗ ಜಾಲತಾಣದ ಹೆಸರು ಇನ್ನೂ ಹಳೆಯ ಸರ್ವರಿನತ್ತಲೇ ಬೊಟ್ಟುಮಾಡುತ್ತಿರಬಹುದು. ಹೊಸ ಸರ್ವರಿನಲ್ಲಿ ಎಷ್ಟು ದುರಸ್ತಿ ಮಾಡಿದರೂ ಗ್ರಾಹಕರು ಹಳೆಯದನ್ನೇ ನೋಡುತ್ತಿರುತ್ತಾರೆ.

ಮೂರನೆಯದು: ಹೆಸರು ಹೊಂದುತ್ತದೆಯೇ? ಈ ವಿಷಯದಲ್ಲಿ ನಮ್ಮ ಊರಿಗೆ ವಿಶೇಷ ಅನುಭವವಿದೆ. 2014ರ ನವೆಂಬರ್ 1ರಿಂದ ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಟಿಳಕವಾಡಿಗೆ ಬರಬೇಕಾದ ಕಾಗದದ ಮೇಲೆ ಯಾವ ಹೆಸರಿದ್ದರೂ ಅಂಚೆಯವರು ತಲುಪಿಸುತ್ತಾರೆ. ಬ್ರೌಸರು ಅಷ್ಟು ಉದಾರಿಯಲ್ಲ. ಹಳೆಯ ಹೆಸರಿನ ಜಾಲತಾಣಕ್ಕೆ ಪಡೆದ ಪ್ರಮಾಣಪತ್ರವನ್ನು ಹೊಸ ಹೆಸರಿನ ಜಾಲತಾಣದಲ್ಲಿ ತೋರಿಸಿದರೆ ಅದು ಕೂಡಲೇ ತಿರಸ್ಕರಿಸುತ್ತದೆ. ಮುಂದೆ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಇರುವ ಹೆಸರು ಮತ್ತು ಇಲ್ಲದ ಹೆಸರು ಕೂಡ ಅದರ ದೃಷ್ಟಿಯಲ್ಲಿ ಎರಡು ಬೇರೆ ಹೆಸರುಗಳು. ಗ್ರಾಹಕರು ಬಳಸಬಹುದಾದ ಎಲ್ಲ ಹೆಸರುಗಳೂ ಪ್ರಮಾಣಪತ್ರದಲ್ಲಿ ನಮೂದಾಗಿರಬೇಕು.

ನಾಲ್ಕನೆಯದು: ಅವಧಿ ಮತ್ತು ಗಡಿಯಾರ. ಅವಧಿ ಮುಗಿದಿದೆಯೇ ಎಂಬುದನ್ನು ಬ್ರೌಸರಿನಲ್ಲಿಯೇ ಯಾರು ಬೇಕಾದರೂ ನೋಡಬಹುದು. ನವೀಕರಣವಾಗಿದ್ದೂ ಹಳೆಯ ದಿನಾಂಕವೇ ಕಾಣುತ್ತಿದ್ದರೆ, ಹೊಸ ಕಡತ ಸರ್ವರಿಗೆ ಬಂದಿದ್ದರೂ ಸರ್ವರು ಅದನ್ನು ಇನ್ನೂ ಓದಿಲ್ಲವೆಂದು ಅರ್ಥ. ಅದಕ್ಕೆ ಮರುಓದುವ ಆಜ್ಞೆ ಕೊಡಬೇಕು. ‘ಭದ್ರತೆಗಾಗಿ’ ಎಂದು 80ನೆಯ ಪೋರ್ಟನ್ನು ಮುಚ್ಚಿಬಿಟ್ಟರೆ, ಆ ಪೋರ್ಟಿನ ಮೂಲಕವೇ ಪರಿಶೀಲನೆ ನಡೆಸುವ ಸ್ವಯಂಚಾಲಿತ ನವೀಕರಣ ಸದ್ದಿಲ್ಲದೆ ನಿಂತುಹೋಗುವುದೂ ಉಂಟು. ಎಲ್ಲವೂ ಸರಿಯಿದ್ದು ಒಂದೇ ಯಂತ್ರದಲ್ಲಿ ಮಾತ್ರ ಎಚ್ಚರಿಕೆ ಬರುತ್ತಿದ್ದರೆ ಆ ಯಂತ್ರದ ಗಡಿಯಾರವನ್ನು ನೋಡಬೇಕು. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತ ಹಳೆಯ ಗಣಕಯಂತ್ರವು ವಿದ್ಯುತ್ ಹೋಗಿ ಬಂದಾಗಲೆಲ್ಲ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಇಂದಿನ ಪ್ರಮಾಣಪತ್ರ ಅದಕ್ಕೆ ಇನ್ನೂ ಹುಟ್ಟದ ಕೂಸಿನಂತೆ ಕಾಣುತ್ತದೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರಗಳನ್ನು ಅಧಿಕೃತ ಕಾಲಮಾನದೊಂದಿಗೆ ಹೊಂದಿಸಿಡಬೇಕೆಂದು ಹೇಳಿರುವುದನ್ನೂ ಇಲ್ಲಿ ಸ್ಮರಿಸಬಹುದು.

ಐದನೆಯದು: ನಂಬಿಕೆಯ ಸರಪಳಿ ಪೂರ್ಣವಾಗಿದೆಯೇ? ಮೂಲ ಸಂಸ್ಥೆಯು ಸಾಮಾನ್ಯವಾಗಿ ನೇರವಾಗಿ ಸಹಿ ಹಾಕುವುದಿಲ್ಲ. ಅದು ಮಧ್ಯಂತರ ಪ್ರಮಾಣಪತ್ರಕ್ಕೆ, ಮಧ್ಯಂತರವು ನಮ್ಮ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತದೆ. ಈ ನಡುವಿನ ಕೊಂಡಿಯನ್ನು ಸರ್ವರಿನಲ್ಲಿ ಸೇರಿಸಲು ಮರೆತಿರುವುದು ಮೇಲಿಂದ ಮೇಲೆ ಕಾಣುವ ದೋಷ. ಇದು ಮೋಸಗೊಳಿಸುವಂಥದ್ದು, ಏಕೆಂದರೆ ಕೆಲವು ಬ್ರೌಸರುಗಳು ಕಾಣೆಯಾದ ಕೊಂಡಿಯನ್ನು ತಾವೇ ಹುಡುಕಿ ತಂದುಕೊಳ್ಳುತ್ತವೆ. ಕಚೇರಿಯ ಗಣಕದಲ್ಲಿ ಎಲ್ಲವೂ ಸರಿಯಾಗಿ ಕಂಡು, ಗ್ರಾಹಕರ ಮೊಬೈಲಿನಲ್ಲೋ ಖರೀದಿದಾರರ ತಂತ್ರಾಂಶದಲ್ಲೋ ಸಂಪರ್ಕ ಮುರಿದುಬೀಳುತ್ತದೆ. ‘ನಮ್ಮಲ್ಲಿ ಸರಿಯಾಗಿಯೇ ಇದೆಯಲ್ಲ’ ಎಂಬ ಉತ್ತರ ಬಂದರೆ ಮೊದಲು ಸಂಶಯಪಡಬೇಕಾದದ್ದು ಈ ಕೊಂಡಿಯನ್ನೇ.

ಆರನೆಯದು: ಕೀಲಿಯೂ ಪ್ರಮಾಣಪತ್ರವೂ ಒಂದೇ ಜೋಡಿಯವೇ? ಕಳೆದ ವರ್ಷದ ಕೀಲಿಯೊಂದಿಗೆ ಈ ವರ್ಷ ಬೇರೊಂದು ಕೀಲಿಯಿಂದ ಪಡೆದ ಪ್ರಮಾಣಪತ್ರವನ್ನು ಜೋಡಿಸಿದರೆ ಅಪಾಚೆಯಂಥ ಸರ್ವರು ಆರಂಭವಾಗಲು ನಿರಾಕರಿಸುತ್ತದೆ. ಸರ್ವರಿನ ದೋಷ ದಾಖಲೆಯಲ್ಲಿ ಇದು ಸ್ಪಷ್ಟವಾಗಿ ಬರೆದಿರುತ್ತದೆ. ಆ ದಾಖಲೆಯನ್ನು ಓದದೆ ಊಹೆಯ ಮೇಲೆ ದುರಸ್ತಿಗೆ ಇಳಿಯುವುದು, ಬ್ಯಾಂಕಿನ ಪಾಸ್ ಪುಸ್ತಕ ನೋಡದೆ ಹೊಂದಾಣಿಕೆ ತಃಖ್ತೆ ಬರೆದಂತೆ.

ಏಳನೆಯದು: ಎರಡೂ ಕಡೆಯವರಿಗೆ ತಿಳಿಯುವ ಆವೃತ್ತಿ ಇದೆಯೇ? ತಯಾರಕರ ಬೆಂಬಲ ನಿಂತ ಹಳೆಯ ಸರ್ವರುಗಳು ಟಿಎಲ್‌ಎಸ್ 1.0ರಲ್ಲಿಯೇ ಉಳಿದಿದ್ದರೆ ಇಂದಿನ ಬ್ರೌಸರುಗಳು ಅವುಗಳೊಡನೆ ಮಾತನ್ನೇ ಆಡುವುದಿಲ್ಲ. ಕೊನೆಯದಾಗಿ, ಬಾಗಿಲಿಗೆ ಬೀಗ ಬಿದ್ದ ಮೇಲೂ ಕಿಟಕಿ ತೆರೆದಿರಬಹುದು: ಪುಟವು ಸುರಕ್ಷಿತವಾಗಿ ಬಂದರೂ ಅದರೊಳಗಿನ ಚಿತ್ರ ಅಥವಾ ನಮೂನೆಯ ಕೊಂಡಿ ಹಳೆಯ ಅಸುರಕ್ಷಿತ ವಿಳಾಸದಲ್ಲಿಯೇ ಉಳಿದಿದ್ದರೆ ಎಚ್ಚರಿಕೆ ತಪ್ಪುವುದಿಲ್ಲ.

ಇವನ್ನೆಲ್ಲ ಹೊರಗಿನಿಂದ ಪರೀಕ್ಷಿಸಿ ‘ಎ’ಯಿಂದ ‘ಎಫ್’ವರೆಗೆ ದರ್ಜೆ ನೀಡುವ ಎಸ್‌ಎಸ್‌ಎಲ್ ಲ್ಯಾಬ್ಸ್‌ನಂಥ ಉಚಿತ ಸೇವೆಗಳಿವೆ. ಜಾಲತಾಣದ ಬಿಲ್ಲು ಪಾವತಿಸುವ ಮುನ್ನ ಆ ವರದಿಯ ಒಂದು ಪ್ರತಿಯನ್ನು ಕೇಳಿ ಪಡೆಯುವುದು ಒಳ್ಳೆಯ ಪದ್ಧತಿ. ಸರಕು ಒಪ್ಪಿಸಿಕೊಳ್ಳುವಾಗ ತಪಾಸಣಾ ವರದಿ ಕೇಳುವ ನಮ್ಮ ಉತ್ಪಾದಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಾಮತ್ತು ಖಾತೆಯ ಮದ್ದು ಬೇಡ

ತಾಳೆಯಾಗದ ಮೊತ್ತವನ್ನು ಅನಾಮತ್ತು ಖಾತೆಗೆ ತಳ್ಳಿ ಲೆಕ್ಕ ಮುಗಿಸುವ ಅಭ್ಯಾಸ ಎಂಥದೆಂಬುದು ನಮಗೆಲ್ಲ ತಿಳಿದಿದೆ. ಸುರಕ್ಷಿತ ಸಂಪರ್ಕದಲ್ಲಿ ಅದಕ್ಕೆ ಸಮನಾದ ಎರಡು ಅಭ್ಯಾಸಗಳು ಬೆಳೆದಿವೆ. ಒಂದು, ‘ಎಚ್ಚರಿಕೆ ಬಂದರೆ ಹಾಗೆಯೇ ಮುಂದುವರಿಯಿರಿ’ ಎಂದು ಗ್ರಾಹಕರಿಗೂ ಗುಮಾಸ್ತರಿಗೂ ಹೇಳಿಕೊಡುವುದು. ಹಾಗೆ ಅಭ್ಯಾಸವಾದ ಕೈ ನಾಳೆ ಬ್ಯಾಂಕಿನ ನಕಲಿ ಪುಟದಲ್ಲಿಯೂ ಮುಂದುವರಿಯುತ್ತದೆ.

ಇನ್ನೊಂದು ಇದಕ್ಕಿಂತ ಅಪಾಯಕಾರಿ. ಇ-ಇನ್‌ವಾಯ್ಸ್ ವ್ಯವಸ್ಥೆಯು 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಆರಂಭವಾಗಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. ನಮ್ಮ ಅನೇಕ ಸದಸ್ಯರ ತಂತ್ರಾಂಶವು ಇಂದು ಸರ್ಕಾರದ ಪೋರ್ಟಲ್‌ನೊಡನೆ ನೇರವಾಗಿ ಮಾತನಾಡುತ್ತದೆ. ಇಲ್ಲಿ ನಾವು ಅಂಗಡಿಯವರಲ್ಲ, ಗಿರಾಕಿಗಳು. ಪೋರ್ಟಲ್‌ನ ಪ್ರಮಾಣಪತ್ರವನ್ನು ನಮ್ಮ ಯಂತ್ರ ಪರೀಕ್ಷಿಸಬೇಕು. ಹಳೆಯ ವಿಂಡೋಸ್, ತಪ್ಪಿದ ಗಡಿಯಾರ ಅಥವಾ ಹಳಸಿದ ಮೂಲ ಪ್ರಮಾಣಪತ್ರಗಳ ಪಟ್ಟಿಯಿಂದ ಆ ಪರೀಕ್ಷೆ ವಿಫಲವಾದರೆ ಇನ್‌ವಾಯ್ಸಿಗೆ ಸಂಖ್ಯೆ ಹುಟ್ಟುವುದಿಲ್ಲ. ಕೊಲ್ಹಾಪುರಕ್ಕೋ ಗೋವೆಗೋ ಹೊರಟ ಲಾರಿ ಗೇಟಿನೊಳಗೇ ನಿಲ್ಲುತ್ತದೆ. ಆ ಅವಸರದಲ್ಲಿ ಕೆಲವರು ‘ಪ್ರಮಾಣಪತ್ರ ಪರಿಶೀಲನೆ ಬೇಡ’ ಎಂದು ತಂತ್ರಾಂಶಕ್ಕೆ ಆಜ್ಞೆ ಕೊಟ್ಟು ಕೆಲಸ ಸಾಗಿಸುತ್ತಾರೆ. ಲಾರಿ ಹೊರಡುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಅಂದಿನಿಂದ ನಮ್ಮ ಗುಪ್ತಪದವನ್ನು ಯಾರ ಕೈಗೆ ಕೊಡುತ್ತಿದ್ದೇವೆಂದು ಕೇಳುವವರೇ ಇರುವುದಿಲ್ಲ. ಅಂಥ ದಿನ ಪೋರ್ಟಲ್‌ನ ಪುಟಕ್ಕೆ ಸರಿಯಾದ ಇನ್ನೊಂದು ಯಂತ್ರದಿಂದ ಹೋಗಿ ಕೆಲಸ ಮುಗಿಸಿ, ಕೆಟ್ಟ ಯಂತ್ರವನ್ನು ದುರಸ್ತಿ ಮಾಡಿಸುವುದೇ ಸರಿಯಾದ ಮಾರ್ಗ. ನಿಮ್ಮ ತಂತ್ರಾಂಶದಲ್ಲಿ ಈ ಪರಿಶೀಲನೆ ಚಾಲ್ತಿಯಲ್ಲಿದೆಯೇ ಎಂದು ಒದಗಿಸಿದವರಿಂದ ಲಿಖಿತವಾಗಿ ಕೇಳಿಕೊಳ್ಳಿ.

ಸುರಕ್ಷಿತ ಸಂಪರ್ಕವು ಎಲ್ಲಕ್ಕೂ ಮದ್ದಲ್ಲವೆಂಬುದನ್ನೂ ಹೇಳಬೇಕು. ಅದು ಹೆಸರನ್ನು ದೃಢೀಕರಿಸುತ್ತದೆ, ನಡತೆಯನ್ನಲ್ಲ. ಮೋಸಗಾರನೂ ತನ್ನ ನಕಲಿ ಹೆಸರಿಗೆ ನಿಜವಾದ ಪ್ರಮಾಣಪತ್ರ ಪಡೆಯಬಲ್ಲ. ಇದೇ ಕಾರಣದಿಂದ ಕ್ರೋಮ್ ಬ್ರೌಸರು 2023ರಲ್ಲಿ ಬೀಗದ ಚಿಹ್ನೆಯನ್ನೇ ಕೈಬಿಟ್ಟಿತು. ಭಾರತೀಯ ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಸ್ಥಳಾಂತರಗೊಳ್ಳಬೇಕೆಂದು ಸೂಚಿಸಿತು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇ-ಮೇಲ್ ಬಂದರೆ, ಬೀಗದ ಚಿಹ್ನೆ ಇದ್ದರೂ ಇಲ್ಲದಿದ್ದರೂ, ಪರಿಚಿತ ದೂರವಾಣಿ ಸಂಖ್ಯೆಗೆ ಮಾತನಾಡಿ ಖಚಿತಪಡಿಸಿಕೊಳ್ಳುವುದು ಅನಿವಾರ್ಯ.

ಕೀಲಿ ಯಾರ ಹೆಸರಿನಲ್ಲಿದೆ

ನಮ್ಮ ವೃತ್ತಿಯಲ್ಲಿ ದಿನವೂ ಕಾಣುವ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. 2006ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯವು ವಿದ್ಯುನ್ಮಾನ ಸಲ್ಲಿಕೆಯನ್ನು ಕಡ್ಡಾಯಗೊಳಿಸಿದಾಗಿನಿಂದ ನಿರ್ದೇಶಕರಿಗೆ ಡಿಜಿಟಲ್ ಸಹಿ ಅಗತ್ಯವಾಯಿತು. ಆ ಸಹಿಯ ಟೋಕನ್‌ಗಳು ಎಷ್ಟೋ ಕಡೆ ನಿರ್ದೇಶಕರ ಬಳಿ ಇರದೆ ಲೆಕ್ಕಪರಿಶೋಧಕರ ಕಚೇರಿಯ ಡ್ರಾವರುಗಳಲ್ಲಿ ಗುಪ್ತಸಂಖ್ಯೆಯ ಚೀಟಿಯ ಸಮೇತ ಮಲಗಿರುತ್ತವೆ. ಇದು ಇಬ್ಬರಿಗೂ ಹಿತವಲ್ಲ. ಜಾಲತಾಣದ ವಿಷಯದಲ್ಲಿಯೂ ಇದೇ ರೋಗ. ಜಾಲತಾಣದ ಹೆಸರು ವಿನ್ಯಾಸಕಾರರ ಇ-ಮೇಲ್‌ನಲ್ಲಿ ನೋಂದಣಿಯಾಗಿರುತ್ತದೆ. ಹೋಸ್ಟಿಂಗ್‌ನ ಗುಪ್ತಪದ ಅವರಲ್ಲಿಯೇ ಇರುತ್ತದೆ. ಖಾಸಗಿ ಕೀಲಿ ಯಾವುದೋ ಇ-ಮೇಲ್‌ನ ಲಗತ್ತಾಗಿ ಊರೂರು ತಿರುಗಿರುತ್ತದೆ. ಹೀಗೆ ಕೈದಾಟಿದ ಕೀಲಿಯನ್ನು ಕಳೆದುಹೋದದ್ದೆಂದೇ ಭಾವಿಸಿ ಹೊಸ ಜೋಡಿಯನ್ನು ಮಾಡಿಸಬೇಕು.

ವಿನ್ಯಾಸಕಾರರನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಒಂದು ಬಾರಿ ಹಣ ಕೊಟ್ಟು ಜಾಲತಾಣ ಮಾಡಿಸಿಕೊಂಡವರು ವಾರ್ಷಿಕ ನಿರ್ವಹಣೆಗೆ ಕರಾರನ್ನೇ ಮಾಡಿಕೊಳ್ಳದೆ, ವರ್ಷಗಳ ನಂತರ ಉಚಿತ ಸೇವೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಜನರೇಟರಿಗೂ ಕಂಪ್ರೆಸರಿಗೂ ನಿರ್ವಹಣಾ ಕರಾರು ಮಾಡಿಕೊಳ್ಳುವವರು ಇದಕ್ಕೂ ಮಾಡಿಕೊಳ್ಳಲಿ. ಆ ಕರಾರಿನಲ್ಲಿ ನವೀಕರಣದ ಹೊಣೆ ಯಾರದು, ದೋಷ ಬಂದರೆ ಎಷ್ಟು ಗಂಟೆಯೊಳಗೆ ಸ್ಪಂದಿಸಬೇಕು, ಕರಾರು ಮುಗಿದಾಗ ಏನೇನನ್ನು ಹಸ್ತಾಂತರಿಸಬೇಕು ಎಂಬ ಮೂರು ಸಂಗತಿಗಳು ಸ್ಪಷ್ಟವಾಗಿರಲಿ.

ಪ್ರತಿಯೊಂದು ಸಂಸ್ಥೆಯೂ ಸ್ಥಿರಾಸ್ತಿ ವಹಿಯಂತೆ ಒಂದು ಪುಟದ ಜಾಲತಾಣ ವಹಿಯನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಜಾಲತಾಣದ ಹೆಸರು ಯಾರ ಹೆಸರಿನಲ್ಲಿ, ಎಲ್ಲಿ, ಎಂದಿನವರೆಗೆ ನೋಂದಣಿಯಾಗಿದೆ, ಹೋಸ್ಟಿಂಗ್ ಎಲ್ಲಿದೆ, ಪ್ರಮಾಣಪತ್ರ ನೀಡಿದವರು ಯಾರು, ಅದರ ಕೊನೆಯ ದಿನಾಂಕ ಯಾವುದು, ನವೀಕರಣ ಸ್ವಯಂಚಾಲಿತವೋ ಅಲ್ಲವೋ, ತೊಂದರೆಯಾದರೆ ಕರೆಯಬೇಕಾದವರು ಯಾರು ಎಂಬಿಷ್ಟು ವಿವರ ಅದರಲ್ಲಿರಲಿ. ನೋಂದಣಿಯ ಇ-ಮೇಲ್ ಸಂಸ್ಥೆಯದ್ದೇ ಆಗಿರಲಿ. ಗುಪ್ತಪದಗಳನ್ನು ವಹಿಯಲ್ಲಿ ಬರೆಯದೆ ಮುಚ್ಚಿದ ಲಕೋಟೆಯಲ್ಲಿ ತಿಜೋರಿಯೊಳಗಿಡಲಿ. ಹೊಸದಾಗಿ ನೀಡುವ ಪ್ರಮಾಣಪತ್ರಗಳೆಲ್ಲ ಸಾರ್ವಜನಿಕ ದಾಖಲೆಯಲ್ಲಿ ನಮೂದಾಗುವ ಪದ್ಧತಿ ಈಗ ಇರುವುದರಿಂದ, ತಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಪ್ರಮಾಣಪತ್ರ ಪಡೆದಿದ್ದಾರೆಯೇ ಎಂಬುದನ್ನೂ ಆಗಾಗ ನೋಡಿಕೊಳ್ಳಬಹುದು.

ವಾಣಿಜ್ಯ ಸಂಸ್ಥೆ ಮಾಡಬಹುದಾದ ಕೆಲಸ

ದೊಡ್ಡ ಕಂಪನಿಗಳಿಗೆ ಇದಕ್ಕೆಲ್ಲ ಪ್ರತ್ಯೇಕ ವಿಭಾಗವಿರುತ್ತದೆ. ಹತ್ತು ಜನರ ಯಂತ್ರಾಗಾರಕ್ಕೆ, ಶಹಾಪುರ-ವಡಗಾವಿಯ ಸೀರೆ ವ್ಯಾಪಾರಿಗೆ, ಖಾನಾಪುರದ ಹೆಂಚು-ಇಟ್ಟಿಗೆಯ ಉತ್ಪಾದಕರಿಗೆ ಅದು ಸಾಧ್ಯವಿಲ್ಲ. ಒಬ್ಬೊಬ್ಬರಿಗೆ ಆಗದ್ದನ್ನು ಒಟ್ಟಾಗಿ ಮಾಡುವುದಕ್ಕೇ ವಾಣಿಜ್ಯ ಸಂಸ್ಥೆಗಳು ಹುಟ್ಟಿರುವುದು. ಹೀಗಾಗಿ ಸಂಸ್ಥೆಯ ಪದಾಧಿಕಾರಿಗಳ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ.

ಒಂದು, ಸದಸ್ಯರ ಜಾಲತಾಣಗಳನ್ನು ಅವರ ಒಪ್ಪಿಗೆ ಪಡೆದು ಮೂರು ತಿಂಗಳಿಗೊಮ್ಮೆ ಹೊರಗಿನಿಂದ ಪರೀಕ್ಷಿಸಿ, ದೋಷವಿದ್ದವರಿಗೆ ಗೋಪ್ಯವಾಗಿ ತಿಳಿಸುವ ಏರ್ಪಾಡು ಆಗಲಿ. ಎರಡು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ನಮ್ಮಲ್ಲಿದೆ, ಉದ್ಯಮಬಾಗದಲ್ಲಿಯೇ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಅಧ್ಯಾಪಕರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳಿಂದ ಒಂದು ಸಹಾಯ ಕೇಂದ್ರವನ್ನು ನಡೆಸುವ ಬಗ್ಗೆ ಮಾತುಕತೆಯಾಗಲಿ. ವಿದ್ಯಾರ್ಥಿಗಳಿಗೆ ನಿಜವಾದ ಸರ್ವರಿನ ಅನುಭವ ಸಿಗುತ್ತದೆ, ಸದಸ್ಯರಿಗೆ ಕೈಗೆಟುಕುವ ನೆರವು ದೊರೆಯುತ್ತದೆ. ಆದರೆ ಕೀಲಿಯನ್ನು ಮಾತ್ರ ಯಾರಿಗೂ ಒಪ್ಪಿಸಬೇಕಾಗಿಲ್ಲ. ದೋಷವನ್ನು ಹುಡುಕುವುದಕ್ಕೆ ಕೀಲಿ ಬೇಡ. ಮೂರು, ತೆರಿಗೆ ಕಡಿತದ ಪಾವತಿಗೆ 7, ಜಿಎಸ್‌ಟಿಯ ಮಾರಾಟ ವಿವರಕ್ಕೆ 11, ಮಾಸಿಕ ವಿವರಣೆಗೆ 20 ಎಂದು ನಾವು ತಿಂಗಳ ತಾರೀಖುಗಳನ್ನು ಗೋಡೆಗೆ ತೂಗುಹಾಕಿಕೊಳ್ಳುತ್ತೇವಲ್ಲ, ಆ ಪಟ್ಟಿಗೆ ಪ್ರಮಾಣಪತ್ರದ ದಿನಾಂಕವೂ ಸೇರಲಿ. ಅವಧಿ ಮುಗಿಯುವ ಮೂವತ್ತು ದಿನ ಮೊದಲೊಮ್ಮೆ, ಏಳು ದಿನ ಮೊದಲೊಮ್ಮೆ ನೋಡಿದರೆ ಸಾಕು. 47 ದಿನಗಳ ಕಾಲ ಬಂದಾಗ ಸ್ವಯಂಚಾಲಿತ ನವೀಕರಣ ನಡೆಯುತ್ತಿದೆಯೇ ಎಂಬುದನ್ನಷ್ಟೇ ತಿಂಗಳಿಗೊಮ್ಮೆ ಪರಿಶೀಲಿಸಬೇಕಾಗುತ್ತದೆ.

ವೆಚ್ಚದ ಮಾತು ಬಂದರೆ, ಪ್ರಮಾಣಪತ್ರವೇ ಇಂದು ಉಚಿತವಾಗಿ ದೊರೆಯುತ್ತದೆ. ಹಣ ಕೊಟ್ಟು ಪಡೆಯುವುದೂ ಉಚಿತದ್ದೂ ಗೂಢಲಿಪಿಯ ಬಲದಲ್ಲಿ ಒಂದೇ. ನಮಗೆ ಕೊರತೆಯಾಗಿರುವುದು ಹಣವಲ್ಲ, ಗಮನ.

ವ್ಯಾಪಾರದಲ್ಲಿ ಸಾಖ ಎಂಬ ಮಾತಿಗೆ ನಮ್ಮ ಪೇಟೆಯಲ್ಲಿ ಎಷ್ಟು ತೂಕವಿದೆಯೆಂದು ಹೇಳಬೇಕಾಗಿಲ್ಲ. ಒಂದು ತಲೆಮಾರು ಅದನ್ನು ಮಾತಿನಿಂದ ಗಳಿಸಿತು, ಮತ್ತೊಂದು ತಲೆಮಾರು ಸಹಿಯಿಂದ ಉಳಿಸಿತು. ನಮ್ಮನ್ನು ಎಂದೂ ಕಾಣದ ಖರೀದಿದಾರರು ಮೊಟ್ಟಮೊದಲು ತಟ್ಟುವುದು ಜಾಲತಾಣದ ಕದವನ್ನೇ. ಈ ತಿಂಗಳೊಳಗೆ ಪ್ರತಿಯೊಬ್ಬ ಸದಸ್ಯರೂ ಜಾಲತಾಣದ ಹೆಸರು ಯಾರ ಹೆಸರಿನಲ್ಲಿದೆ ಮತ್ತು ಅದರ ಪ್ರಮಾಣಪತ್ರ ಎಂದು ಮುಗಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ತಮ್ಮ ಕಚೇರಿಯಲ್ಲಿಯೇ ಲಿಖಿತ ಉತ್ತರ ಪಡೆದುಕೊಳ್ಳುವಂತಾದರೆ ಅರ್ಧ ಕೆಲಸ ಮುಗಿದಂತೆಯೇ. ಉಳಿದರ್ಧವನ್ನು ತಂತ್ರಜ್ಞರು ಮಾಡಿಕೊಡುತ್ತಾರೆ.